ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಸೈಕಲ್: ಉತ್ತರ ಕನ್ನಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಹನ ಬಾರದ, ಸೈಕಲ್ಲಿಗೆಂದೇ ಇರುವ ದಾರಿ ಈ ಜಿಲ್ಲೆಯಲ್ಲಿ ಇದೆಯೇ?

ಊರಿಂದ ಊರಿಗೆ ಹೋಗುವಂಥದ್ದು ಇಲ್ಲ. ಆದರೆ ಗಂಟೆಗಟ್ಟಲೆ ತುಳಿದರೂ ನಾಲ್ಕೈದು ಬೈಕು, ಒಂದು ಹಾಲಿನ ಗಾಡಿ ಬಿಟ್ಟರೆ ಏನೂ ಎದುರಾಗದ ರಸ್ತೆಗಳು ಬೇಕಾದಷ್ಟಿವೆ. ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಗಳ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಕೆಲವು ಕಡೆ 3 ಮೀಟರ್. ಎದುರುಬದುರು ಎರಡು ಕಾರು ಬಂದರೆ ಒಂದು ಗಟಾರದ ಅಂಚಿಗೆ ಇಳಿಯಲೇಬೇಕು. ಹಾಗಾಗಿ ದೂರದ ವಾಹನಗಳು ಇತ್ತ ತಲೆ ಹಾಕುವುದಿಲ್ಲ. ಇದರ ಜೊತೆಗೆ ಕರಾವಳಿಯಲ್ಲಿ ಗಜನಿ ಕಟ್ಟುಗಳು (ಉಪ್ಪುನೀರು ನುಗ್ಗುವ ಗದ್ದೆಗಳ ಒಡ್ಡುಗಳು), ಘಟ್ಟದ ಮೇಲೆ ತೋಟ–ಬೆಟ್ಟಕ್ಕೆ ಹೋಗುವ ಮಣ್ಣುದಾರಿಗಳು ಇವೆ.

ದಾರಿ ಹುಡುಕುವಾಗ ಊರಿನ ಹೆಸರಿಗಿಂತ ಹೊಳೆ, ಘಟ್ಟ ಇವೆರಡನ್ನು ಮೊದಲು ನೋಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಕರಾವಳಿಯನ್ನು ತುಂಡು ಮಾಡಿವೆ. ಘಟ್ಟ ಉತ್ತರ–ದಕ್ಷಿಣವಾಗಿ ಗೋಡೆ ಕಟ್ಟಿದೆ. ಹೆದ್ದಾರಿಗೆ ಬೀಳಲೇಬೇಕಾಗುವುದು ಈ ಎರಡನ್ನು ದಾಟುವ ಕಡೆ ಮಾತ್ರ.

ಯಾವ ರಸ್ತೆಗಳನ್ನು ಬಿಡಬೇಕು?

ಕಾರವಾರದಿಂದ ಭಟ್ಕಳದವರೆಗಿನ ರಾಷ್ಟ್ರೀಯ ಹೆದ್ದಾರಿ 66. ಅಂಕೋಲಾ–ಯಲ್ಲಾಪುರ–ಹುಬ್ಬಳ್ಳಿ ರಸ್ತೆ, ಅದರಲ್ಲೂ ಅರಬೈಲ್ ಘಟ್ಟ: ಬಂದರಿನ ಲಾರಿಗಳು ಹಗಲೂ ರಾತ್ರಿ ಇಲ್ಲಿಯೇ. ಹೊನ್ನಾವರ–ಗೇರುಸೊಪ್ಪ–ಜೋಗ ರಸ್ತೆ, ಮುಖ್ಯವಾಗಿ ಜೋಗದಲ್ಲಿ ನೀರು ತುಂಬಿರುವ ತಿಂಗಳುಗಳ ಶನಿವಾರ, ಭಾನುವಾರ. ಶಿರಸಿ–ಕುಮಟಾ ಮುಖ್ಯರಸ್ತೆಯನ್ನೂ ಈಗ ಈ ಪಟ್ಟಿಗೆ ಸೇರಿಸಬೇಕು. ಅಗಲೀಕರಣದ ಕಾಮಗಾರಿ ಒಂದು ಕಡೆ, ಮಳೆಗಾಲದ ಗುಡ್ಡ ಕುಸಿತ ಇನ್ನೊಂದು ಕಡೆ ಎಂದು ದೇವಿಮನೆ ಘಟ್ಟ ಆಗಾಗ ಮುಚ್ಚುತ್ತದೆ. ಹೊರಡುವ ಹಿಂದಿನ ದಿನ ಶಿರಸಿ ಅಥವಾ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸುವುದು ಫೋನಿನಲ್ಲಿ ಹುಡುಕುವುದಕ್ಕಿಂತ ಒಳ್ಳೆಯದು.

ಹೆದ್ದಾರಿಯಲ್ಲಿ ತುಸು ದೂರ ಹೋಗಲೇಬೇಕಾದರೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಸಿ. ಕಾರವಾರ–ಬಿಣಗಾ ನಡುವಿನ ಸುರಂಗ ಹೊಗುವ ಮೊದಲೇ ಹಿಂದಿನ ಕೆಂಪು ದೀಪ ಹಾಕಿ. ಬಿಸಿಲಿನಿಂದ ಒಳಗೆ ಬಂದ ಡ್ರೈವರಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ.

ಫೋನಿನ ಮ್ಯಾಪು ಮತ್ತೆ ಮತ್ತೆ ಹೆದ್ದಾರಿಗೇ ಕಳಿಸುತ್ತದೆ. ಒಳದಾರಿ ಹುಡುಕುವುದು ಹೇಗೆ?

ಎರಡು ಪಟ್ಟಣಗಳ ನಡುವೆ ದಾರಿ ಕೇಳಿದರೆ ಮ್ಯಾಪು ಬೇಗ ಮುಟ್ಟುವ ದಾರಿ ಕೊಡುತ್ತದೆ. ಹಳ್ಳಿಯಿಂದ ಹಳ್ಳಿಗೆ ಕೇಳಿ. ಉದಾಹರಣೆಗೆ ಕುಮಟಾ–ಗೋಕರ್ಣ ಎಂದು ಹಾಕಬೇಡಿ. ಕುಮಟಾ–ಬಾಡ, ಬಾಡ–ಕಾಗಾಲ, ಕಾಗಾಲ–ಅಘನಾಶಿನಿ ಎಂದು ತುಂಡು ತುಂಡಾಗಿ ಹಾಕಿ. ಉಪಗ್ರಹ ಚಿತ್ರ ತೆರೆದು ರಸ್ತೆ ಹಳ್ಳ ದಾಟುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಗೆರೆ ಹಳ್ಳದ ಎರಡೂ ಬದಿಗೆ ಬಂದು ನಿಂತಿದ್ದರೆ ಅಲ್ಲಿ ಸೇತುವೆ ಇಲ್ಲ, ಹೆಚ್ಚೆಂದರೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಇದೆ.

ದಾರಿಯಲ್ಲಿ ಕೇಳುವಾಗ "ಈ ರಸ್ತೆ ಹೋಗ್ತದಾ?" ಎಂದರೆ ಎಲ್ಲರೂ "ಹೋಗ್ತದೆ" ಎನ್ನುತ್ತಾರೆ. "ಟೆಂಪೋ ಹೋಗ್ತದಾ?" ಎಂದು ಕೇಳಿ. ಟೆಂಪೋ ಹೋದರೆ ಸೇತುವೆ ಗಟ್ಟಿ ಇದೆ, ರಸ್ತೆಗೆ ಕಲ್ಲಾದರೂ ಹಾಕಿದ್ದಾರೆ. "ಬೈಕ್ ಹೋಗ್ತದೆ" ಅಂದರೆ ಮಣ್ಣುದಾರಿ, ಏರಿನಲ್ಲಿ ಇಳಿದು ತಳ್ಳಬೇಕು. "ನಡ್ಕೊಂಡು ಹೋಗ್ಬಹುದು" ಅಂದರೆ ಕಾಲುಸಂಕ. "ಇಲ್ಲೇ, ಎರಡು ಕಿಲೋಮೀಟರ್" ಎಂಬ ಉತ್ತರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಬದಲಿಗೆ ಎಷ್ಟು ಏರು ಇದೆ ಎಂದು ಕೇಳಿದರೆ ನಂಬುವಂಥ ಉತ್ತರ ಬರುತ್ತದೆ.

ಕಾಲುಸಂಕದ ಬಗ್ಗೆ ಒಂದು ಮಾತು. ಅಡಿಕೆ ಮರದ ದಬ್ಬೆ ಹಾಕಿ ಕಟ್ಟಿದ ಸಂಕ ಹಲವು ಕಡೆ ಎರಡಡಿಗೂ ಕಡಿಮೆ ಅಗಲ. ಅಗಲ ಹ್ಯಾಂಡಲಿನ ಸೈಕಲ್ ಪಕ್ಕದಲ್ಲಿ ತಳ್ಳಿಕೊಂಡು ಹೋಗಲು ಆಗುವುದಿಲ್ಲ. ಮೊದಲು ಬ್ಯಾಗುಗಳನ್ನು ಆಚೆ ದಾಟಿಸಿ, ಆಮೇಲೆ ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ಎತ್ತಿ ನಿಲ್ಲಿಸಿಕೊಂಡು ನಿಮ್ಮ ಹಿಂದೆ ಉರುಳಿಸಿಕೊಂಡು ದಾಟಿ. ಮಳೆ ಬಿದ್ದ ದಬ್ಬೆ ವಿಪರೀತ ಜಾರುತ್ತದೆ. ಶೂ ತೆಗೆದು ಬರಿಗಾಲಲ್ಲಿ ದಾಟುವುದೇ ಕ್ಷೇಮ. ಹಳ್ಳ ತುಂಬಿ ಹರಿಯುತ್ತಿದ್ದರೆ ದಾಟಲೇಬೇಡಿ.

ನಾಲ್ಕು ಹೊಳೆಗಳನ್ನು ಎಲ್ಲಿ ದಾಟಬೇಕು?

ಕಾಳಿಗೆ ಕಾರವಾರದ ಕೋಡಿಬಾಗ–ಸದಾಶಿವಗಡ ಸೇತುವೆಯೇ ಗತಿ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನ ಹೊಸ ಸೇತುವೆಗೆ ಬಿತ್ತು. ಇಲ್ಲಿ ನಡುವೆ ನಿಂತು ಫೋಟೊ ತೆಗೆಯುವ ಆಸೆ ಬಿಡಿ. ಸದಾಶಿವಗಡದ ಗುಡ್ಡದ ಮೇಲಿಂದ ಹೊಳೆ, ಕಡಲು ಎರಡೂ ಇನ್ನೂ ಚೆನ್ನಾಗಿ ಕಾಣುತ್ತವೆ.

ಗಂಗಾವಳಿಗೆ ಅಂಕೋಲಾ–ಬೇಲಂಬರ–ಮಂಜಗುಣಿ ದಾರಿ ಹಿಡಿದರೆ ಹೆದ್ದಾರಿಯ ಬಹುಪಾಲು ತಪ್ಪುತ್ತದೆ. ಮಂಜಗುಣಿಯಲ್ಲಿ ಹೊಳೆ ದಾಟುವ ವ್ಯವಸ್ಥೆ ಆ ವಾರ ಹೇಗಿದೆ ಎಂದು ಅಂಕೋಲಾ ಪೇಟೆಯಲ್ಲೇ ಕೇಳಿಕೊಂಡು ಇಳಿಯಿರಿ. ಹೆದ್ದಾರಿಯನ್ನೇ ಹಿಡಿಯುವವರು ಶಿರೂರಿನ ಗುಡ್ಡದ ಬುಡದಲ್ಲಿ ನಿಲ್ಲದೆ ಸಾಗಬೇಕು. 2024ರ ಜುಲೈ 16ರಂದು ಗುಡ್ಡ ಕುಸಿದು ರಸ್ತೆಯ ಜೊತೆಗೆ ಜೀವಗಳೂ ಹೋದ ಜಾಗ ಅದು. ಮಳೆಗಾಲದಲ್ಲಂತೂ ಸೈಕಲ್ಲಿಗೆ ಹೇಳಿಸಿದ ದಾರಿಯಲ್ಲ.

ಅಘನಾಶಿನಿಗೆ ಅಘನಾಶಿನಿ–ತದಡಿ ದೋಣಿ. ಇಡೀ ಕರಾವಳಿಯಲ್ಲಿ ಸೈಕಲ್ಲಿನವರಿಗೆ ಇದಕ್ಕಿಂತ ಲಾಭದ ದಾಟು ಇಲ್ಲ. ರಸ್ತೆಯಲ್ಲಿ ಕುಮಟಾ, ದಿವಗಿ, ಮಿರ್ಜಾನ ಸುತ್ತಿಕೊಂಡು ಬಂದರೆ ಮೂವತ್ತು ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಹೆದ್ದಾರಿ. ದೋಣಿಯಲ್ಲಿ ಕೆಲವೇ ನಿಮಿಷ.

ದೋಣಿಗೆ ಹತ್ತಿಸುವ ಕ್ರಮ ಹೀಗೆ. ದಂಡೆಯಲ್ಲೇ ಬ್ಯಾಗು ಕಳಚಿ ಮೊದಲು ಅವನ್ನು ಕೊಡಿ. ಮುಂದಿನ ಬ್ರೇಕನ್ನು ರಬ್ಬರ್ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ಕಟ್ಟಿ, ಚಕ್ರ ಉರುಳುವುದಿಲ್ಲ. ಮಲಗಿಸಬೇಕಾದರೆ ಗೇರಿನ ಬದಿ ಮೇಲೆ ಬರಬೇಕು. ಕೆಳಗೆ ಬಂದರೆ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒತ್ತಿ, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಾಗುತ್ತದೆ, ಆಚೆ ದಡದಲ್ಲಿ ಹಿಂದಿನ ದೊಡ್ಡ ಹಲ್ಲುಗಾಲಿಗೆ ಹಾಕಿದ ಕೂಡಲೇ ಡಿರೇಲರ್ ಸ್ಪೋಕಿಗೆ ಸಿಕ್ಕುತ್ತದೆ. ಇಳಿತದ ಹೊತ್ತಿನಲ್ಲಿ ಮೆಟ್ಟಿಲ ಕೆಳಭಾಗದಲ್ಲಿ ಪಾಚಿ, ಬಳಚಿನ ಚಿಪ್ಪು ಎರಡೂ ಇರುತ್ತವೆ. ಪಾಚಿ ಕಾಲಿಗೆ, ಚಿಪ್ಪು ಟೈರಿಗೆ. ಹಾಗಾಗಿ ಅಲ್ಲಿ ಸೈಕಲ್ ಉರುಳಿಸಬೇಡಿ, ಎತ್ತಿಕೊಳ್ಳಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಚಿಲ್ಲರೆ ಇಟ್ಟುಕೊಂಡಿರಿ, ಸಂಜೆಯ ಕೊನೆಯ ದೋಣಿಯ ಹೊತ್ತು ಮೊದಲೇ ತಿಳಿದುಕೊಳ್ಳಿ. ತಪ್ಪಿದರೆ ಮೇಲೆ ಹೇಳಿದ ಸುತ್ತು ಕತ್ತಲಲ್ಲಿ.

ಶರಾವತಿಗೆ ಹೊನ್ನಾವರ–ಕಾಸರಕೋಡ ಹೆದ್ದಾರಿ ಸೇತುವೆ. ಪಕ್ಕದಲ್ಲಿ ಕಾಣುವ ಕೊಂಕಣ ರೈಲ್ವೆಯ ಎರಡು ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ನಡೆದು ದಾಟಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಅದು ಅಪರಾಧವೂ ಹೌದು, ರೈಲು ಬಂದರೆ ಸರಿಯಲು ಜಾಗವೂ ಇಲ್ಲ.

ಮೊದಲ ಸಲ ಹೋಗುವವರು ಎಲ್ಲಿಂದ ಶುರು ಮಾಡಬೇಕು?

ಶಿರಸಿಯಿಂದ ಬನವಾಸಿ. ದೂರ 23 ಕಿ.ಮೀ., ಶಿರಸಿಯಿಂದ ಪೂರ್ವಕ್ಕೆ ನೆಲ ಮೆಲ್ಲಗೆ ಇಳಿಯುತ್ತ ಹೋಗುತ್ತದೆ, ಕಾಡು ತೆಳುವಾಗಿ ಗದ್ದೆ, ಅನಾನಸು ತೋಟ ಶುರುವಾಗುತ್ತದೆ. ನಡುವೆ ಗುಡ್ನಾಪುರದ ಕೆರೆ ಏರಿಯ ಮೇಲೆ ಕುಳಿತು ತಿಂಡಿ ತಿನ್ನಬಹುದು. ಬನವಾಸಿಯಲ್ಲಿ ಮಧುಕೇಶ್ವರ ದೇವಸ್ಥಾನ, ಸುತ್ತ ವರದಾ ನದಿ. ಬೆಳಿಗ್ಗೆ ಆರೂವರೆಗೆ ಬಿಟ್ಟರೆ ಎಂಟೂವರೆಯೊಳಗೆ ಮುಟ್ಟುತ್ತೀರಿ. ಹಿಂದಿರುಗುವಾಗ ಏರು ಎಂಬುದನ್ನು ಮರೆಯಬೇಡಿ. ಬರುವುದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯಿರಿ.

ಎರಡನೆಯದು ಸಹಸ್ರಲಿಂಗ–ಸೋಂದಾ ಸುತ್ತು. ಶಿರಸಿಯಿಂದ ಯಲ್ಲಾಪುರ ರಸ್ತೆಯಲ್ಲಿ ಹೋಗಿ ಹುಳಗೋಳದ ಹತ್ತಿರ ಶಾಲ್ಮಲಾ ನದಿಯ ಕಡೆಗೆ ತಿರುಗಿದರೆ ಸಹಸ್ರಲಿಂಗ, ಹೊಳೆಯ ಬಂಡೆಗಳಲ್ಲಿ ಲಿಂಗಗಳನ್ನು ಕೆತ್ತಿದ ಜಾಗ. ಅಲ್ಲಿಂದ ಒಳರಸ್ತೆ ಹಿಡಿದು ಸೋಂದಾ, ವಾದಿರಾಜ ಮಠ, ಸ್ವರ್ಣವಲ್ಲಿ. ಮುಂಡಿಗೆಕೆರೆಯ ಬೆಳ್ಳಕ್ಕಿ ನೋಡಬೇಕಾದರೆ ಮಳೆಗಾಲ ಮುಗಿಯುವ ಮುನ್ನವೇ ಬರಬೇಕು. ಸುತ್ತು ಒಟ್ಟು 40–45 ಕಿ.ಮೀ. ಬನವಾಸಿಯ ದಾರಿಯಂತೆ ಸಪಾಟಲ್ಲ: ಪ್ರತಿ ಹಳ್ಳಕ್ಕೂ ಇಳಿದು ಮತ್ತೆ ಹತ್ತಬೇಕು. ಒಂದೊಂದು ಏರೂ ಚಿಕ್ಕದು, ಆದರೆ ಒಟ್ಟು ಲೆಕ್ಕ ಹಾಕಿದರೆ ಅರ್ಧ ಘಟ್ಟ ಹತ್ತಿದಷ್ಟು ಆಗುತ್ತದೆ. ಘಟ್ಟದ ಮೇಲಿನ ತೋಟದ ಸೀಮೆಯ ಎಲ್ಲ ದಾರಿಗಳ ಸ್ವಭಾವವೂ ಇದೇ, ಏಕೆಂದರೆ ತೋಟ ಕಣಿವೆಯಲ್ಲಿ, ರಸ್ತೆ ಗುಡ್ಡದ ಮೇಲೆ. ದಿನಕ್ಕೆ 80 ಕಿ.ಮೀ. ಹೊಡೆಯುವ ಬಯಲುಸೀಮೆಯವರು ಇಲ್ಲಿ 50ಕ್ಕೆ ಇಳಿಸಿಕೊಳ್ಳಲಿ.

ಸಿದ್ದಾಪುರದಿಂದ ಬಿಳಗಿಯ ರತ್ನತ್ರಯ ಬಸದಿಗೆ ಹೋಗಿಬರುವ ದಾರಿಯೂ ಅರ್ಧ ದಿನಕ್ಕೆ ಹೇಳಿ ಮಾಡಿಸಿದ್ದು.

ಕರಾವಳಿಯಲ್ಲಿ ಒಂದೇ ದಾರಿ ಆರಿಸಿ ಅಂದರೆ?

ಕುಮಟಾ–ಹೊಲನಗದ್ದೆ–ಬಾಡ–ಕಾಗಾಲ–ಅಘನಾಶಿನಿ, ದೋಣಿ, ತದಡಿ–ಸಾಣಿಕಟ್ಟಾ–ಗೋಕರ್ಣ. ದೂರ ಕಡಿಮೆ, ಇಡೀ ದಿನ ಬೇಕು. ಬೇಸಿಗೆಯ ಆರಂಭದಲ್ಲಿ ಬಂದರೆ ಕುಮಟಾದ ಹತ್ತಿರ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ರಸ್ತೆ ಬದಿಗೆ ತೂಗುಹಾಕಿರುತ್ತಾರೆ. ಕೊಂಡರೆ ಕ್ಯಾರಿಯರ್ ಮೇಲೆ ಗಾಳಿಗೆ ಬಿಡಿ. ಬ್ಯಾಗಿನೊಳಗೆ ಇಟ್ಟರೆ ಬೆವೆತು ಕೊಳೆಯುತ್ತದೆ, ಬಟ್ಟೆಗೂ ವಾಸನೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಕೆಲಸ ನಡೆಯುವುದು ಒಣ ತಿಂಗಳುಗಳಲ್ಲಿ. ಆಗರದ ಒಡ್ಡಿನ ಮೇಲೆ ಕೇಳದೆ ಸೈಕಲ್ ಹೊಡೆಯಬೇಡಿ: ಅವು ಹದ ಮಾಡಿದ ಜೇಡಿಯ ಒಡ್ಡುಗಳು, ಟೈರಿನ ಗೆರೆ ಬಿದ್ದಲ್ಲಿ ನೀರು ಜಿನುಗುತ್ತದೆ. ಕಗ್ಗ ಭತ್ತ ಬೆಳೆಯುವ ಗಜನಿಯ ಕಟ್ಟುಗಳಿಗೂ ಇದೇ ಮಾತು. ಜನ ಓಡಾಡಿ ಗಟ್ಟಿಯಾದ ಕಟ್ಟಿನ ಮೇಲೆ ಮಾತ್ರ, ಅದೂ ಒಣಗಿದಾಗ.

ಕಾರವಾರದ ಸುತ್ತ?

ಕಾಳಿಯ ದಂಡೆ. ತೆಂಕಣ ದಂಡೆಯಲ್ಲಿ ಸುಂಕೇರಿ, ಕಡವಾಡ, ಕಿನ್ನರ ಕಡೆಗೆ ಹೋಗುವ ರಸ್ತೆ ಬಹುಮಟ್ಟಿಗೆ ಸಪಾಟು, ಮಕ್ಕಳನ್ನು ಕರೆದುಕೊಂಡು ಹೋಗುವಷ್ಟು ಸುಲಭ. ಮುಂದೆ ಮಲ್ಲಾಪುರ, ಕದ್ರಾ ಕಡೆಗೆ ಹೋಗುವವರು ಕೈಗಾ ಅಣುಸ್ಥಾವರದ ಸಿಬ್ಬಂದಿಯ ಬಸ್ಸುಗಳು ಓಡಾಡುವ ಪಾಳಿ ಬದಲಾವಣೆಯ ಹೊತ್ತು ತಪ್ಪಿಸಿ. ಬಡಗಣ ದಂಡೆಯಲ್ಲಿ ಸದಾಶಿವಗಡ, ಹಣಕೋಣ, ಅಸ್ನೋಟಿ ಸುತ್ತಮುತ್ತ ಊರೊಳಗಿನ ರಸ್ತೆಗಳು. ಮಾಜಾಳಿಯವರೆಗೆ ಹೋಗಿ ತಿಳಮಾತಿ ಕಡಲತೀರಕ್ಕೆ ನಡೆಯಬಹುದು. ಕೈಗಾ ಸ್ಥಾವರದ ಹತ್ತಿರ, ಅರಗಾ–ಬಿಣಗಾ ಕಡೆಯ ನೌಕಾನೆಲೆಯ ಬೇಲಿಯ ಪಕ್ಕ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಹೆಲ್ಮೆಟ್ಟಿನ ಕ್ಯಾಮೆರಾ ಕೂಡ ಬಂದ್ ಇರಲಿ.

ಸೈಕಲ್ಲಿನಲ್ಲಿ ಘಟ್ಟ ಹತ್ತಲು ಆಗುತ್ತದೆಯೇ? ಯಾವ ಘಟ್ಟ?

ಆಗುತ್ತದೆ, ಗೇರು ಸರಿ ಇದ್ದರೆ. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಯಾವ ಘಟ್ಟ ಹಿಡಿದರೂ ಹೆಚ್ಚುಕಡಿಮೆ ಅಷ್ಟನ್ನು ಹತ್ತಲೇಬೇಕು. ಓಡಾಟ ಕಡಿಮೆ ಇರುವುದು ಎರಡರಲ್ಲಿ: ಅಂಕೋಲಾ–ಅಚವೆ–ಶಿರಸಿ ದಾರಿಯ ವಡ್ಡಿ ಘಟ್ಟ, ಕುಮಟಾ–ಸಿದ್ದಾಪುರ ದಾರಿಯ ದೊಡ್ಮನೆ ಘಟ್ಟ. ಎರಡೂ ಕಿರಿದು, ಎರಡರಲ್ಲೂ ಡಾಂಬರು ಎಲ್ಲ ಕಡೆ ಒಂದೇ ಥರ ಇಲ್ಲ. ವಡ್ಡಿಯ ಕಡೆಯಿಂದ ಹೋದರೆ ವಿಭೂತಿ ಜಲಪಾತ, ಯಾಣ ಎರಡೂ ಹತ್ತಿರ.

ಲೆಕ್ಕ ಹೀಗೆ ಹಾಕಿ: ನೂರು ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ 500 ಮೀಟರ್ ಹತ್ತಲು 10 ಕಿ.ಮೀ. ಬೇಕು. 10–12 ಕಿಲೋ ಸಾಮಾನಿನೊಂದಿಗೆ ಸಾಧಾರಣ ಸವಾರನ ವೇಗ ಗಂಟೆಗೆ 6–7 ಕಿ.ಮೀ. ಅಂದರೆ ಒಂದೂವರೆ ಗಂಟೆ, ನಿಲ್ಲುವುದು ಸೇರಿ ಎರಡು. ಘಟ್ಟದ ನಡುವೆ ಅಂಗಡಿ ಇಲ್ಲ. ಬುಡದಲ್ಲೇ ಕನಿಷ್ಠ 2 ಲೀಟರ್ ನೀರು ತುಂಬಿಕೊಂಡು ಬೆಳಿಗ್ಗೆ ಏಳರೊಳಗೆ ಹತ್ತಲು ಶುರು ಮಾಡಿ. ಕಾಡಿನ ನೆರಳಿದ್ದರೂ ಗಾಳಿಯಾಡುವುದಿಲ್ಲ. ಬೆವರು ಆರದೆ ಮೈ ಕಾಯುವುದೇ ಸುಸ್ತಿಗೆ ಕಾರಣ.

ಇಳಿಯುವಾಗಿನ ತಪ್ಪು ಹೆಚ್ಚು ದುಬಾರಿ. ಉದ್ದಕ್ಕೂ ಬ್ರೇಕು ಹಿಡಿದುಕೊಂಡೇ ಇಳಿದರೆ ರಿಮ್ ಕಾದು ಟ್ಯೂಬಿನ ಹಳೆಯ ಪ್ಯಾಚು ಬಿಡುತ್ತದೆ. ರಬ್ಬರ್ ಪ್ಯಾಡಿನ ಮೇಲೆ ಗಾಜಿನಂಥ ಹೊಳಪು ಬಂದು ಹಿಡಿತ ಹೋಗುತ್ತದೆ. ವೈರಿನಿಂದ ಎಳೆಯುವ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಸವೆದಂತೆ ಲಿವರ್ ಹ್ಯಾಂಡಲಿನ ಹತ್ತಿರ ಬರುತ್ತದೆ. ಮಾಡಬೇಕಾದ್ದು: ತಿರುವಿನ ಮೊದಲು ಎರಡೂ ಬ್ರೇಕು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಮೂರು–ನಾಲ್ಕು ಕಿಲೋಮೀಟರಿಗೊಮ್ಮೆ ನಿಂತು ರಿಮ್ ಆರಲು ಐದು ನಿಮಿಷ ಕೊಡಿ. ಬೆರಳು ಇಟ್ಟು ಬಿಸಿ ನೋಡುವ ಹುಮ್ಮಸ್ಸು ಬೇಡ, ಸುಡುತ್ತದೆ. ಹೊಳಪು ಬಂದ ಪ್ಯಾಡನ್ನು ಮರಳು ಕಾಗದಕ್ಕೆ ನಾಲ್ಕು ಸಲ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಕುರುಡು ತಿರುವಿನಲ್ಲಿ ಎಡಕ್ಕೇ ಇರಿ: ಕಿರಿದಾದ ಘಟ್ಟದಲ್ಲಿ ಎದುರಿನ ಬಸ್ಸು ತಿರುಗಲು ಇಡೀ ರಸ್ತೆ ತೆಗೆದುಕೊಳ್ಳುತ್ತದೆ, ಹಾರನ್ ಕೇಳಿದರೆ ನಿಂತುಬಿಡಿ.

ಎಂಥ ಸೈಕಲ್ ಬೇಕು? ಮನೆಯಲ್ಲಿರುವ ಸಾದಾ ಸೈಕಲ್ ಸಾಕೇ?

ಕಾರವಾರದ ಹೊಳೆದಂಡೆ, ಕುಮಟಾ–ಅಘನಾಶಿನಿ, ಬನವಾಸಿ ಇವಕ್ಕೆ ಸಾದಾ ಸೈಕಲ್ ಸಾಕು. ಘಟ್ಟಕ್ಕೆ, ತೋಟದ ಸೀಮೆಗೆ ಮುಂದಿನ ಚಿಕ್ಕ ಹಲ್ಲುಗಾಲಿಯಲ್ಲಿ ಎಷ್ಟು ಹಲ್ಲಿದೆಯೋ ಹಿಂದಿನ ದೊಡ್ಡದರಲ್ಲಿ ಅಷ್ಟಾದರೂ ಇರಬೇಕು. ಮುಂದೆ 30, ಹಿಂದೆ 34 ಇದ್ದರೆ ಸಾಮಾನಿನೊಂದಿಗೂ ಕುಳಿತೇ ಹತ್ತಬಹುದು.

ಟೈರಿನ ಅಗಲ 35ರಿಂದ 40 ಎಂಎಂ. ಚಿರೆಕಲ್ಲಿನ ಪುಡಿ ಬಿದ್ದ ತಿರುವಿನಲ್ಲಿ ತೆಳು ಟೈರು ಜಾರುತ್ತದೆ, ದಪ್ಪ ಗುಬುಟಿನದು ಡಾಂಬರಿನಲ್ಲಿ ಸುಮ್ಮನೆ ಶಕ್ತಿ ತಿನ್ನುತ್ತದೆ. ಸವಾರ, ಸೈಕಲ್, ಸಾಮಾನು ಸೇರಿ 95 ಕಿಲೋ ಆದರೆ 35 ಎಂಎಂ ಟೈರಿಗೆ ಹಿಂದೆ 55–60, ಮುಂದೆ 45–50 ಪಿಎಸ್‌ಐ ಗಾಳಿ. ಮಣ್ಣುದಾರಿ ಬಂದರೆ ಐದು ಕಡಿಮೆ ಮಾಡಿ.

ಏನು ಕೆಡುತ್ತದೆ? ಇಲ್ಲಿನ ಅಂಗಡಿಯಲ್ಲಿ ಏನು ಸಿಗುತ್ತದೆ?

ಪಂಕ್ಚರಿಗಿಂತ ಹೆಚ್ಚು ತೊಂದರೆ ಕೊಡುವುದು ಕ್ಯಾರಿಯರಿನ ಬೋಲ್ಟು. ಹೊಂಡದ ರಸ್ತೆಯ ನಡುಕಕ್ಕೆ ಸಡಿಲಾಗಿ ಬಿದ್ದರೆ ಬ್ಯಾಗು ಚಕ್ರಕ್ಕೆ ಸಿಕ್ಕುತ್ತದೆ. ಹೊರಡುವ ಮೊದಲು ಬಿಗಿದು, ಮೊದಲ 20 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಎರಡು ಎಂ5 (5 ಎಂಎಂ ದಪ್ಪದ) ಬೋಲ್ಟು ಹೆಚ್ಚಿಗೆ ಇರಲಿ.

ಎರಡನೆಯದು ಹುಲ್ಲು. ಕೊಯ್ಲಿನ ಹೊತ್ತಿಗೆ ಬನವಾಸಿ, ಮುಂಡಗೋಡ ಕಡೆ ರಸ್ತೆಯ ಮೇಲೆಯೇ ಭತ್ತದ ಹುಲ್ಲು, ಜೋಳ ಹರವಿರುತ್ತಾರೆ. ಅದರ ಮೇಲೆ ತುಳಿದುಕೊಂಡು ಹೋದರೆ ಹುಲ್ಲಿನ ಎಳೆ ಹಿಂದಿನ ಡಿರೇಲರಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡು ಬಿಗಿಯುತ್ತದೆ, ಮತ್ತೆ ಒತ್ತಿದರೆ ಹ್ಯಾಂಗರ್ ಮುರಿಯುತ್ತದೆ. ಪೆಡಲ್ ಬಿಗಿಯಾಯಿತು ಅನಿಸಿದ ತಕ್ಷಣ ನಿಲ್ಲಿ, ಹಿಂದಕ್ಕೆ ತಿರುಗಿಸಿ, ಕೈಯಿಂದ ಎಳೆದು ತೆಗೆಯಿರಿ. ಇಳಿದು ತಳ್ಳಿಕೊಂಡು ಹೋದರೆ ಇದು ಯಾವುದೂ ಇಲ್ಲ, ಕಾಳೂ ಹಾಳಾಗುವುದಿಲ್ಲ.

ಅಂಗಡಿಗಳಲ್ಲಿ 26 ಇಂಚಿನ ಟ್ಯೂಬು, ಸಾದಾ ಸೈಕಲ್ಲಿನ 28×1½ ಟ್ಯೂಬು, ಬ್ರೇಕಿನ ವೈರು ಸಿಗುತ್ತವೆ. 700 ಸೈಜಿನ ಟ್ಯೂಬು ಸಿಗುತ್ತದೆಂದು ನಂಬಿ ಹೋಗಬೇಡಿ. ತೀರಾ ಪೇಚಿಗೆ ಸಿಕ್ಕಿದರೆ 28×1½ ಟ್ಯೂಬನ್ನೇ 35 ಎಂಎಂ ಟೈರಿನೊಳಗೆ ಚೂರು ಮಡಿಸಿ ಕೂಡಿಸಬಹುದು, ಆದರೆ ನಿಮ್ಮ ರಿಮ್ಮಿನ ತೂತು ತೆಳು ಮೂತಿಯ ಪ್ರೆಸ್ಟಾ ವಾಲ್ವಿಗೆ ಕೊರೆದದ್ದಾದರೆ ಅದರ ಮೂತಿ ತೂರುವುದಿಲ್ಲ. ಪ್ರೆಸ್ಟಾ ಇರುವವರು ಹಿತ್ತಾಳೆಯ ಅಡಾಪ್ಟರ್ ಒಂದು ಕಿಸೆಯಲ್ಲಿಟ್ಟುಕೊಂಡರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ಪೆಟ್ರೋಲ್ ಬಂಕಿನಲ್ಲಿ ಹಾಕಿಸುವಾಗ ಒಂದೊಂದೇ ಸೆಕೆಂಡು; ಅಲ್ಲಿನ ಪೈಪು ಲಾರಿಯ ಟೈರಿಗೂ ಗಾಳಿ ತುಂಬುವಂಥದ್ದು.

ಜೊತೆಗಿರಬೇಕಾದ್ದು: ಎರಡು ಟ್ಯೂಬು, ಆರು ಪ್ಯಾಚು, ಒಡೆಯದ ಹೊಸ ಸೊಲ್ಯೂಷನ್ (ಒಮ್ಮೆ ತೆರೆದದ್ದು ಒಣಗಿಹೋಗಿರುತ್ತದೆ), ಪಂಪು, ಚೈನ್ ಕಳಚುವ ಟೂಲು, ಚೈನಿನ ಅಳತೆಯದೇ ಎರಡು ಕ್ವಿಕ್ ಲಿಂಕ್ (ತುಂಡಾದ ಚೈನು ಕೂಡಿಸುವ ಕೊಂಡಿ), ಒಂದು ಜೊತೆ ಬ್ರೇಕ್ ಪ್ಯಾಡು, ಗೇರ್ ವೈರು ಒಂದು, ನಿಮ್ಮ ಸೈಕಲ್ಲಿನದೇ ಹ್ಯಾಂಗರ್ ಒಂದು, ಹಿಂದಿನ ಚಕ್ರದ ಗೇರು ಬದಿಯ ಸ್ಪೋಕು ಮೂರು, 4–5–6 ಎಂಎಂ ಅಲೆನ್ ಕೀ. ಸ್ಪೋಕು ಮುರಿಯುವುದು ಬಹುತೇಕ ಆ ಬದಿಯಲ್ಲೇ, ಭಾರವೂ ಅಲ್ಲಿ, ಬಿಗಿತವೂ ಅಲ್ಲಿ.

ಯಾವ ತಿಂಗಳು, ಯಾವ ದಿಕ್ಕು?

ದೀಪಾವಳಿ ಮುಗಿದ ಮೇಲಿಂದ ಫೆಬ್ರವರಿ ಕೊನೆಯವರೆಗೆ. ಡಿಸೆಂಬರ್–ಜನವರಿಯಲ್ಲಿ ಶಿರಸಿ, ಸಿದ್ದಾಪುರದ ಬೆಳಿಗ್ಗೆ ಮಂಜು. ಎಂಟರವರೆಗೆ ದೀಪ ಬೇಕು. ಮಾರ್ಚಿನಿಂದ ಕರಾವಳಿಯಲ್ಲಿ ಹತ್ತು ಗಂಟೆಯ ಮೇಲೆ ತುಳಿಯುವುದು ಶಿಕ್ಷೆ. ಜೂನ್–ಸೆಪ್ಟೆಂಬರ್ ಮಳೆಯಲ್ಲಿ ಕರಾವಳಿಯ ಊರೊಳಗಿನ ರಸ್ತೆ ಪರವಾಗಿಲ್ಲ, ಘಟ್ಟ ಬೇಡ.

ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ವಾಯವ್ಯದಿಂದ ಬೀಸುತ್ತದೆ. ಆದ್ದರಿಂದ ಕಾರವಾರದಿಂದ ಭಟ್ಕಳದ ಕಡೆಗೆ ಹೋಗುವವರಿಗೆ ಗಾಳಿ ಬೆನ್ನಿಗೆ. ಎದುರು ದಿಕ್ಕಿಗೆ ಹೋಗುವವರು ಹನ್ನೊಂದರೊಳಗೆ ದಿನದ ದೂರ ಮುಗಿಸಲಿ. ಚಳಿಗಾಲದಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ, ಕಾಡಿನ ರಸ್ತೆಯಲ್ಲಿ ಐದೂವರೆಗೇ ಕತ್ತಲು.

ನೀರು, ಊಟ?

ಮೂರು ಲೀಟರ್ ಹೊತ್ತುಕೊಳ್ಳಿ. ಘಟ್ಟದ ಮೇಲೆ ಯಾವ ಮನೆಯಲ್ಲಿ ಕೇಳಿದರೂ ನೀರು ಕೊಡುತ್ತಾರೆ, ಬೆಲ್ಲವನ್ನೂ ಮುಂದಿಡುತ್ತಾರೆ. ಬೇಡ ಅನ್ನಬೇಡಿ, ಬೆವರಿದ ಮೈಗೆ ಅದು ಬೇಕಾದ್ದೇ. ಮುರುಗಲ ಶರಬತ್ತು ಸಿಕ್ಕರೆ ಚಿಟಿಕೆ ಉಪ್ಪು ಹಾಕಿಸಿ. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಳನಾಡಿನ ಚಿಕ್ಕ ಹೋಟೆಲುಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಊಟ ಸಿಗುವುದು ಕಷ್ಟ; ಅವಲಕ್ಕಿ, ಬಾಳೆಹಣ್ಣು ಬ್ಯಾಗಿನಲ್ಲಿರಲಿ.

ಉಂಬಳ (ಕಾಡಿನ ಜಿಗಣೆ), ಉಣುಗು (ಉಣ್ಣೆ), ಮಂಗನ ಕಾಯಿಲೆ: ಹೆದರಬೇಕೇ?

ಉಂಬಳಕ್ಕೆ ಹೆದರಬೇಕಿಲ್ಲ. ಮಳೆಗಾಲದಲ್ಲಿ ಕಾಲುಚೀಲಕ್ಕೆ ಸುಣ್ಣ, ನಶ್ಯದ ಪುಡಿ ಸವರಿಕೊಂಡರೆ ಸಾಕು. ಕಚ್ಚಿದ್ದಕ್ಕೆ ಉಪ್ಪು ಮುಟ್ಟಿಸಿ.

ಉಣುಗಿನ ವಿಷಯ ಬೇರೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರ, ಶಿರಸಿ ತಾಲೂಕುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಹರಡುವುದು ಉಣುಗಿನ ಕಡಿತದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಅಂದರೆ ಸೈಕಲ್ಲಿಗೆ ಒಳ್ಳೆಯ ತಿಂಗಳುಗಳಲ್ಲೇ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ, ಮಲಗಬೇಡಿ, ಸೈಕಲ್ಲನ್ನೂ ಅದರ ಮೇಲೆ ಮಲಗಿಸಬೇಡಿ. ಉದ್ದ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ. ಕಾಡಂಚಿನ ಊರುಗಳಲ್ಲಿ ಆರೋಗ್ಯ ಕೇಂದ್ರದವರು ಕೊಡುವ, ಉಣುಗನ್ನು ದೂರ ಇಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮನೆಗೆ ಮರಳಿದ ಒಂದು ವಾರದಲ್ಲಿ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಅವರಾಗಿ ಅದನ್ನು ಊಹಿಸುವುದಿಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಕಾಡುಕೋಣ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಂತು ಅದು ಹೋಗಲು ಬಿಡಿ, ಬೆಲ್ ಹೊಡೆಯಬೇಡಿ.

ಕಾಡಿನೊಳಗೆ ಹೋಗಲು, ಡೇರೆ ಹಾಕಲು ಅನುಮತಿ ಬೇಕೇ?

ಡಾಂಬರು ಹಾಕಿದ ಸಾರ್ವಜನಿಕ ರಸ್ತೆಗೆ ಬೇಡ. ಅದನ್ನು ಬಿಟ್ಟು ಕಾಡಿನ ಕೂಪು ರಸ್ತೆಗೆ (ಮರ ಸಾಗಿಸಲು ಮಾಡಿದ ಮಣ್ಣುದಾರಿಗೆ) ಇಳಿದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಖಂಡಿತ. ಅಣಶಿ ಕಡೆ ಸೈಕಲ್ ಯೋಜನೆ ಹಾಕುವವರು ಗೇಟಿನ ನಿಯಮ ಮೊದಲೇ ಕೇಳಿ. ಕಾಡಿನಲ್ಲಿ ಡೇರೆ ಬೇಡ; ಹೋಮ್‌ಸ್ಟೇ, ಮಠಗಳ ಯಾತ್ರಿನಿವಾಸ ನೋಡಿ. ತೋಟದ ದಾರಿಯಲ್ಲಿ ದಣಪೆ (ಅಡ್ಡಗಳ ಸಿಕ್ಕಿಸಿದ ಬೇಲಿಬಾಗಿಲು) ಸಿಕ್ಕರೆ ಗಳ ಸರಿಸಿ ದಾಟಿ, ದಾಟಿದ ಮೇಲೆ ಎಲ್ಲ ಗಳವನ್ನೂ ಮತ್ತೆ ಸಿಕ್ಕಿಸಿ. ಒಂದು ಗಳ ಬಿಟ್ಟರೂ ದನ ತೋಟಕ್ಕೆ ನುಗ್ಗುತ್ತದೆ, ಮುಂದಿನ ಸೈಕಲ್ಲಿನವರಿಗೆ ಆ ದಾರಿ ಬಂದ್.

ರೈಲಿನಲ್ಲಿ, ಬಸ್ಸಿನಲ್ಲಿ ಸೈಕಲ್ ತರಬಹುದೇ?

ರೈಲಿನಲ್ಲಿ ಪಾರ್ಸೆಲ್ ಕಚೇರಿಯ ಮೂಲಕ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ (ಸಾಮಾನಿನ ಡಬ್ಬಿಗೆ) ಹಾಕಿಸಬಹುದು. ಗಾಡಿ ಹತ್ತುವ, ಇಳಿಯುವ ಎರಡೂ ನಿಲ್ದಾಣಗಳಲ್ಲಿ ಪಾರ್ಸೆಲ್ ಇಳಿಸುವಷ್ಟು ಹೊತ್ತು ನಿಲ್ಲುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಚಿಕ್ಕ ನಿಲ್ದಾಣಕ್ಕಿಂತ ಕಾರವಾರ, ಕುಮಟಾ ವಾಸಿ. ಪೆಡಲ್ ಕಳಚಿ, ಹ್ಯಾಂಡಲ್ ತಿರುಗಿಸಿ, ಡಿರೇಲರಿಗೆ ರಟ್ಟು ಸುತ್ತಿ, ಹೆಸರು, ಮೊಬೈಲ್, ಇಳಿಸುವ ನಿಲ್ದಾಣ ಬರೆದ ಚೀಟಿಯನ್ನು ಎರಡು ಕಡೆ ಕಟ್ಟಿ. ಕಾರವಾರ ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಗೋಕರ್ಣ ರೋಡ್ ಎಂಬ ನಿಲ್ದಾಣವೂ ಗೋಕರ್ಣದಲ್ಲಿಲ್ಲ, ಅಲ್ಲಿಂದ ಸುಮಾರು 10 ಕಿ.ಮೀ. ತುಳಿಯಬೇಕು. ಶಿರಸಿಗೆ ರೈಲಿಲ್ಲ; ಸಿದ್ದಾಪುರದ ಕಡೆಯಿಂದ ಶುರು ಮಾಡುವವರಿಗೆ ತಾಳಗುಪ್ಪ ಹತ್ತಿರ.

ಬಸ್ಸಿನಲ್ಲಿ ಕಂಡಕ್ಟರ್ ಒಪ್ಪಬೇಕು, ಸಾಮಾನಿನ ಟಿಕೆಟ್ ತೆಗೆಸಬೇಕು. ಬಸ್ ಸ್ಟ್ಯಾಂಡಿನಲ್ಲಿ, ಗಾಡಿ ಖಾಲಿ ಇರುವಾಗ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು.

ಕರಾವಳಿ ಸುತ್ತಿ ಬಂದ ಸೈಕಲ್ಲಿಗೆ ತುಕ್ಕು ಹಿಡಿಯುತ್ತದೆ. ಏನು ಮಾಡಬೇಕು?

ಅದೇ ಸಂಜೆ ಸಿಹಿನೀರಿನಲ್ಲಿ ತೊಳೆಯಿರಿ, ಮರುದಿನಕ್ಕೆ ಬಿಡಬೇಡಿ. ನೀರನ್ನು ಜೋರಾಗಿ ಹಾಯಿಸಬಾರದು. ಹಬ್, ಪೆಡಲ್ ಅಚ್ಚಿನ ಬೇರಿಂಗಿಗೆ ನೀರು ನುಗ್ಗಿ ಗ್ರೀಸು ತೊಳೆದುಹೋಗುತ್ತದೆ. ಚೊಂಬಿನಿಂದ ಸುರಿದು ಬಟ್ಟೆಯಲ್ಲಿ ಒರೆಸಿದರೆ ಸಾಕು. ಚೈನು ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿ. ಒದ್ದೆ ಚೈನಿಗೆ ಎಣ್ಣೆ ಹಾಕಿದರೆ ಉಪ್ಪುನೀರು ಒಳಗೇ ಉಳಿಯುತ್ತದೆ. ಸ್ಪೋಕಿನ ನಿಪ್ಪಲ್, ಕ್ಯಾರಿಯರಿನ ಬೋಲ್ಟಿನ ತಲೆ, ವೈರಿನ ತುದಿಗಳಿಗೂ ಒಂದು ಹನಿ. ಕಡಲ ಮರಳಿನ ಮೇಲೆ ಸೈಕಲ್ ಓಡಿಸಿದ್ದರೆ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ಜಾಲಾಡಿಸದೆ ಮರಳು ಹೋಗುವುದಿಲ್ಲ, ಹಾಗೇ ತುಳಿದರೆ ಹಲ್ಲುಗಾಲಿಯನ್ನು ಅದು ಅರದಂತೆ ಸವೆಸುತ್ತದೆ. ಸೀಟಿನ ಕಂಬವನ್ನು ಪೂರ್ತಿ ಹೊರಗೆಳೆದು ಒಳಗಿನ ನೀರು ಬಸಿಯಲು ಸೈಕಲ್ಲನ್ನು ಒಂದು ರಾತ್ರಿ ತಲೆಕೆಳಗಾಗಿ ಇಡಿ; ಕಂಬಕ್ಕೆ ಗ್ರೀಸು ಸವರಿ ಮತ್ತೆ ಹಾಕಿ.